ತೋಟದ ಮನೆಗೆ ಒಂದು ಕಾಯಂ ವಿಳಾಸ

ಶಿರಸಿ ಸಮೀಪದ ನಮ್ಮ ತೋಟದ ಮನೆಯಲ್ಲಿ ಅಪ್ಪ ಒಬ್ಬರೇ ಇದ್ದಾರೆ. ಕೊನೆಕೊಯ್ಲಿನ ದಿನಗಳಲ್ಲಿ ಅಂಗಳದ ತುಂಬ ಅಡಿಕೆ ಹರವಿರುತ್ತದೆ. ರಾತ್ರಿ ಸ್ವಲ್ಪ ಸದ್ದಾದರೂ ಸಾಕು, 76ರ ವಯಸ್ಸಿನಲ್ಲಿ ಟಾರ್ಚ್ ಹಿಡಿದು ಹೊರಗೆ ಬರುತ್ತಾರೆ. ಆ ಆತಂಕಕ್ಕೇ ಅಂಗಳಕ್ಕೆ ಕ್ಯಾಮೆರಾ ಹಾಕಿಸಿದೆ. ಮೈಸೂರಿನಿಂದ ನೋಡಲು ಅನುಕೂಲವಾಗಲಿ ಎಂದು ಸ್ಥಿರ ಐಪಿ ವಿಳಾಸಕ್ಕೆ, ಅಂದರೆ ಅಂತರ್ಜಾಲದಲ್ಲಿ ಮನೆಗೊಂದು ಬದಲಾಗದ ಸಂಖ್ಯೆಗೆ, ಇಂಟರ್‌ನೆಟ್ ಕಂಪನಿಗೆ ಒಂದು ವರ್ಷದ ಹಣವನ್ನೂ ಮುಂಗಡವಾಗಿ ಕಟ್ಟಿದೆ. ಮೂರು ವಾರ ಕಳೆದರೂ ನನ್ನ ಮೊಬೈಲಿನಲ್ಲಿ ಬರೀ ಕಪ್ಪು ಪರದೆ. ಕಂಪನಿಯ ಸಹಾಯವಾಣಿಯವರು ಪ್ರತಿ ಸಲವೂ ಹೇಳಿದ್ದು ಒಂದೇ ಮಾತು: "ಫೈರ್‌ವಾಲ್ ಆಫ್ ಮಾಡಿ ನೋಡಿ ಮೇಡಂ."

ಹೊರಗಿನವರು ಒಳನುಗ್ಗದಂತೆ ತಡೆಯುವ ಕಾವಲು ಅದು. ನಾನು ಆಫ್ ಮಾಡಲಿಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಪಡಿಸಿಕೊಂಡಿತ್ತು. ತಯಾರಕರು ಇಟ್ಟ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಸಾಧನಗಳೇ ಅದಕ್ಕೆ ತುತ್ತಾದದ್ದು. ಅಪ್ಪನ ಅಂಗಳವನ್ನು ನಾನು ನೋಡಬೇಕು, ಊರೆಲ್ಲ ನೋಡುವುದು ಬೇಡ.

ಎರಡು ದಿನ ರಜೆ ಹಾಕಿ ಊರಿಗೆ ಹೋದೆ. ಮೊದಲು ರೂಟರ್‌ನ ಸೆಟ್ಟಿಂಗ್ಸ್ ಪುಟ ತೆರೆದು ಹೊರಗಿನ ವಿಳಾಸ ಯಾವುದೆಂದು ನೋಡಿದೆ. ಅಲ್ಲಿದ್ದದ್ದು 100.72ರಿಂದ ಶುರುವಾಗುವ ಸಂಖ್ಯೆ, ಕಂಪನಿ ಪತ್ರದಲ್ಲಿ ಬರೆದುಕೊಟ್ಟದ್ದಲ್ಲ. 100.64ರಿಂದ 100.127ರವರೆಗಿನ ವಿಳಾಸಗಳು ಸೇವಾ ಕಂಪನಿಗಳ ಒಳಬಳಕೆಗೆಂದೇ 2012ರಲ್ಲಿ ಮೀಸಲಾದವು. ಹಳೆಯ ಪದ್ಧತಿಯ ಐಪಿ ವಿಳಾಸಗಳು ಒಟ್ಟು ಸುಮಾರು 430 ಕೋಟಿ ಮಾತ್ರ. ಅವು ಸಾಲದೆ, ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂಡಿಸುತ್ತಾರೆ. ಹಾಗೆ ಕೂಡಿಸಿದ ಮನೆಯನ್ನು ಹೊರಗಿನಿಂದ ನೇರವಾಗಿ ತಲುಪಲು ಆಗುವುದಿಲ್ಲ. ಫೈರ್‌ವಾಲ್ ತೆಗೆದಿದ್ದರೂ ನನಗೆ ಏನೂ ದಕ್ಕುತ್ತಿರಲಿಲ್ಲ. ವಿಚಾರಿಸಿದಾಗ, ಸ್ಥಿರ ವಿಳಾಸ ಬಿಲ್ಲಿನಲ್ಲಿ ಸೇರಿತ್ತೇ ಹೊರತು ನಮ್ಮ ಲಾಗಿನ್‌ಗೆ ಜೋಡಣೆಯಾಗಿರಲಿಲ್ಲ ಎಂದು ತಿಳಿಯಿತು. ಅದನ್ನು ಸರಿಪಡಿಸಿಕೊಟ್ಟರು. ರೂಟರ್ ಆರಿಸಿ ಹಚ್ಚಿದ ಮೇಲೆ ಪತ್ರದಲ್ಲಿದ್ದ ಸಂಖ್ಯೆಯೇ ಬಂತು.

ಎರಡನೆಯ ತೊಡಕಿನ ಸುಳಿವು ಕೊಟ್ಟವರು ಅಪ್ಪ. "ಕೂಸೇ, ಕರೆಂಟು ಹೋಗಿ ಬಂದ ದಿನವೆಲ್ಲ ಟಿವಿ ತಡೆ ತಡೆದು ನಿಲ್ಲುತ್ತದೆ" ಎಂದರು. ಕ್ಯಾಮೆರಾ ಅಳವಡಿಸಿದವರು ಅದರ ರೆಕಾರ್ಡರ್‌ಗೆ 192.168.1.20 ಎಂಬ ಮನೆಯೊಳಗಿನ ವಿಳಾಸವನ್ನು ಕೈಯಾರೆ ತುಂಬಿಸಿದ್ದರು. ನಾನು ರೆಕಾರ್ಡರ್‌ನ ಕೇಬಲ್ ಕಿತ್ತು ಪಕ್ಕಕ್ಕಿಟ್ಟು, ಲ್ಯಾಪ್‌ಟಾಪಿನಿಂದ ಅದೇ ವಿಳಾಸಕ್ಕೆ ಪಿಂಗ್ ಮಾಡಿದೆ, ಅಂದರೆ ಅಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೂಗಿ ನೋಡಿದೆ. ಕೇಬಲ್ಲೇ ಇಲ್ಲದ ವಿಳಾಸದಿಂದ ಉತ್ತರ ಬರುತ್ತಿತ್ತು! ಟಿವಿ ಆರಿಸಿದೆ, ಉತ್ತರ ನಿಂತಿತು. ವಿಳಾಸದ ಕೊನೆಯಲ್ಲಿ ಬರುವ 2ರಿಂದ 254ರವರೆಗಿನ ಎಲ್ಲ ಸಂಖ್ಯೆಗಳನ್ನೂ ರೂಟರ್ ತಾನೇ ಹಂಚುತ್ತಿತ್ತು. ಕರೆಂಟು ಬಂದ ಕೂಡಲೇ ರೆಕಾರ್ಡರ್‌ಗಿಂತ ಮೊದಲು ಎಚ್ಚರಗೊಳ್ಳುವ ಟಿವಿಗೆ 20 ಸಿಕ್ಕಿಬಿಡುತ್ತಿತ್ತು. ಒಂದೇ ಮನೆ ನಂಬರಿನಲ್ಲಿ ಎರಡು ಸಂಸಾರ. ಹಂಚಿಕೆಯನ್ನು 100ರಿಂದ 200ಕ್ಕೆ ಸೀಮಿತಗೊಳಿಸಿ, 20ನ್ನು ರೆಕಾರ್ಡರ್‌ಗೇ ಬಿಟ್ಟೆ. ಆ ರಾತ್ರಿ ಅಪ್ಪ ವಾರ್ತೆಯನ್ನು ಪೂರ್ತಿ ನೋಡಿದರು.

ಉಳಿದದ್ದು ಫೈರ್‌ವಾಲ್. ಕ್ಯಾಮೆರಾದ ಪೋರ್ಟನ್ನು, ಅಂದರೆ ಸಂಪರ್ಕ ಒಳಬರುವ ಬಾಗಿಲನ್ನು, ಹೊರಗೆ ತೆರೆಯುವುದೇ ಬೇಡವೆಂದು, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ವೈರ್‌ಗಾರ್ಡ್ ಎಂಬ ವಿಪಿಎನ್ (ಗುಪ್ತ ಸುರಂಗದಂಥ ಸಂಪರ್ಕ) ತಂತ್ರಾಂಶ ಹಾಕಿ, ಅದಕ್ಕಾಗಿ 51820 ಎಂಬ ಪೋರ್ಟ್ ಒಂದನ್ನೇ ತೆರೆದೆ. ಸಂಪರ್ಕ ಸಿಗಲಿಲ್ಲ. ನಿಯಮ ಬರೆಯುವಾಗ ರೂಟರ್ ತಾನಾಗಿಯೇ ಟಿಸಿಪಿ ಎಂದು ಆರಿಸಿಕೊಂಡಿತ್ತು. ವೈರ್‌ಗಾರ್ಡ್‌ಗೆ ಬೇಕಾದದ್ದು ಯುಡಿಪಿ. ಇವು ಮಾಹಿತಿ ಸಾಗಿಸುವ ಎರಡು ಬೇರೆ ಬೇರೆ ವಿಧಾನಗಳು. ನಿಯಮವನ್ನು ತಿದ್ದಿದ ಮೇಲೂ ಪೋರ್ಟ್ ಪರೀಕ್ಷಿಸುವ ಜಾಲತಾಣ "ಮುಚ್ಚಿದೆ" ಎಂದೇ ತೋರಿಸಿತು. ಅಂಥ ತಾಣಗಳು ಸಾಮಾನ್ಯವಾಗಿ ಟಿಸಿಪಿಯನ್ನೇ ತಟ್ಟಿ ನೋಡುತ್ತವೆ. ಮೇಲಾಗಿ, ಸರಿಯಾದ ಕೀಲಿ ಇಲ್ಲದವರು ಎಷ್ಟು ಕರೆದರೂ ವೈರ್‌ಗಾರ್ಡ್ ಓಗೊಡುವುದಿಲ್ಲ. ಈ ಮೌನ ನನಗೆ ಬಹಳ ಇಷ್ಟವಾಯಿತು. ಇನ್ನೊಂದು ಮಾತು: ಮನೆಯ ವೈಫೈನಲ್ಲೇ ಇದ್ದುಕೊಂಡು ಹೊರಗಿನ ವಿಳಾಸವನ್ನು ಪರೀಕ್ಷಿಸಬೇಡಿ. ಒಳಗಿನಿಂದ ಹೊರಟದ್ದನ್ನು ತಿರುಗಿಸಿ ಒಳಗೇ ಕಳಿಸುವುದು ಅನೇಕ ರೂಟರ್‌ಗಳಿಗೆ ಬಾರದು, ನಮ್ಮದಕ್ಕೂ ಬರುತ್ತಿರಲಿಲ್ಲ.

ಹಾಗಾಗಿ ವೈಫೈ ಆರಿಸಿ, ಮೊಬೈಲ್ ಸಿಗ್ನಲ್ ಸಿಗುವ ಗೇಟಿನಾಚೆಯ ದಿಬ್ಬ ಹತ್ತಿದೆ. ವೈರ್‌ಗಾರ್ಡ್ ಗುಂಡಿಯನ್ನು ಒತ್ತಿದಾಗ "ಕೊನೆಯ ಹ್ಯಾಂಡ್‌ಶೇಕ್: 4 ಸೆಕೆಂಡ್ ಹಿಂದೆ" ಎಂಬ ಸಾಲು ಮೂಡಿತು; ಸಂಪರ್ಕ ಸಿಕ್ಕಿತ್ತು. ಅದರ ಹಿಂದೆಯೇ ಅಂಗಳ, ಅಡಿಕೆ, ಕಟ್ಟೆಯ ಮೇಲೆ ಕುಳಿತು ಕವಳ ಹಾಕುತ್ತಿದ್ದ ಅಪ್ಪ. ದಿಬ್ಬದ ಮೇಲೆ ನಿಂತಲ್ಲೇ ಕಣ್ಣು ತುಂಬಿ ಬಂತು.

ಹೊರಡುವ ಮುನ್ನ, ಸಾಧನಗಳು ತಾವೇ ಪೋರ್ಟ್ ತೆರೆಸಿಕೊಳ್ಳಲು ಬಿಡುವ ರೂಟರ್‌ನ ಯುಪಿಎನ್‌ಪಿ ಸೌಲಭ್ಯವನ್ನು ನಿಲ್ಲಿಸಿದೆ, ಹೊರಗಿನಿಂದ ಅದರ ಪುಟ ತೆರೆಯುವ ದಾರಿಯನ್ನು ಮುಚ್ಚಿದೆ, ಪಾಸ್‌ವರ್ಡ್‌ಗಳನ್ನು ಬದಲಿಸಿದೆ. ಯಾವ ಸಾಧನಕ್ಕೆ ಯಾವ ಸಂಖ್ಯೆ ಎಂದು ನಾನು ಹೇಳುತ್ತಾ ಹೋದಂತೆ, ಅಪ್ಪ ತಮ್ಮ ಅಡಿಕೆ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಗೆರೆ ಎಳೆದು ದುಂಡಗೆ ಬರೆದುಕೊಂಡರು: ರೂಟರ್ 1, ರೆಕಾರ್ಡರ್ 20, ಪೈ 21.