ಅಜ್ಜನನ್ನು ಮೇಲೆಯೇ ಕೂರಿಸಿದ ಮೇಡಂ

ಮಕ್ಕಳ ಕಥೆ ಬರೆಯುವುದು ಸುಲಭ ಎಂದುಕೊಂಡು ಬಂದವರಿಗೆ ನಮ್ಮ ಕನ್ನಡ ಮೇಡಂ ಒಂದೇ ಕೆಲಸ ಹಚ್ಚುತ್ತಿದ್ದರು: ಬರೆದದ್ದನ್ನು ನಾಲ್ಕನೆಯ ತರಗತಿಯ ಮಕ್ಕಳ ಮುಂದೆ ಓದಿಸುವುದು. ಬೀದರಿನ ನಮ್ಮ ಕಾಲೇಜಿನ ಪಕ್ಕದಲ್ಲೇ ಸರಕಾರಿ ಪ್ರಾಥಮಿಕ ಶಾಲೆಯಿತ್ತು. ತೊಂಬತ್ತರ ದಶಕದ ಆ ಶನಿವಾರಗಳಂದು, ಬೆಳಗಿನ ಶಾಲೆ ಬಿಡುವ ಮುನ್ನ, ನಾವು ಹಾಳೆಗಳನ್ನು ಹಿಡಿದು ಅಲ್ಲಿಗೆ ಹೋಗುತ್ತಿದ್ದೆವು. ಬರೆದವರೇ ಓದುವಂತಿರಲಿಲ್ಲ. ಓದುವವರ ದನಿಯಲ್ಲಿ ಮೋಹವಿದ್ದರೆ ಕಥೆಯ ಕೊರತೆ ಮುಚ್ಚಿಹೋಗುತ್ತದೆ ಎಂಬುದು ಮೇಡಂ ವಾದ. ಬರೆದವರು ಹಿಂದಿನ ಸಾಲಿನಲ್ಲಿ ಕುಳಿತು, ಯಾವ ವಾಕ್ಯಕ್ಕೆ ಮಕ್ಕಳು ಕಿಟಕಿ ನೋಡಿದರು, ಯಾವ ವಾಕ್ಯಕ್ಕೆ ಪಕ್ಕದವನ ಚೀಲಕ್ಕೆ ಕೈ ಹಾಕಿದರು ಎಂದು ಅಂಚಿನಲ್ಲಿ ಗೆರೆ ಎಳೆಯಬೇಕಿತ್ತು. ಇದಕ್ಕಿಂತ ನೇರವಾದ ಪರೀಕ್ಷೆ ಇಂದಿಗೂ ನನಗೆ ಸಿಕ್ಕಿಲ್ಲ.

ಗೆಳೆಯನೊಬ್ಬ ನೌಬಾದಿನ ಕರೇಜ್ ಬಗ್ಗೆ ಕಥೆ ಬರೆದಿದ್ದ. ಬಹಮನಿ ಅರಸರ ಕಾಲದಲ್ಲಿ ಪರ್ಷಿಯಾದ ಪದ್ಧತಿಯಂತೆ ನೆಲದಡಿ ಕೊರೆದ ಆ ನೀರಿನ ಸುರಂಗವನ್ನು ಊರಿನವರು ಸುರಂಗ ಬಾವಿ ಎನ್ನುತ್ತಿದ್ದರು; ಆಗ ಅದು ಬಹುಮಟ್ಟಿಗೆ ಹೂಳಿನಲ್ಲಿ ಮುಚ್ಚಿತ್ತು. ಅವನ ಕಥೆಯಲ್ಲಿ ಹುಡುಗಿಯೊಬ್ಬಳ ಆಡಿನ ಮರಿ ಸುರಂಗಕ್ಕೆ ಇಳಿದುಬಿಡುತ್ತದೆ. ಅಜ್ಜ ಬಂದು ಮರಿಯನ್ನು ಎತ್ತಿ ತಂದು, ನೀರನ್ನು ಉಳಿಸಬೇಕು ಎಂದು ಒಂದು ಪುಟ ಬೋಧಿಸುತ್ತಾನೆ. ಆ ಪುಟದ ಅಂಚು ತುಂಬ ಗೆರೆಗಳು.

ಮೇಡಂ ಸಿಟ್ಟಾಗಲಿಲ್ಲ. 'ಅಜ್ಜನಿಗೆ ಮೊಣಕಾಲು ನೋವು ಕೊಡು. ಅವನು ಮೇಲೆಯೇ ಕುಳಿತಿರಲಿ' ಎಂದರು. ಅಷ್ಟಕ್ಕೇ ಕಥೆ ಎದ್ದು ನಿಂತಿತು. ಈಗ ಹುಡುಗಿಯೇ ಇಳಿಯಬೇಕು. ಕರೇಜಿನ ಉದ್ದಕ್ಕೂ ಅಲ್ಲಲ್ಲಿ ನೆಲದಿಂದ ಸುರಂಗಕ್ಕೆ ಗಾಳಿಬಾವಿಗಳಿವೆ; ಅವುಗಳಿಂದ ಬೆಳಕು ಕೆಳಗೆ ಬೀಳುತ್ತದೆ. ಒಂದು ಬೆಳಕಿನಿಂದ ಇನ್ನೊಂದು ಬೆಳಕಿನ ನಡುವೆ ಅವಳು ಕತ್ತಲನ್ನು ದಾಟಬೇಕು. ಅಜ್ಜ ಬಾವಿಯಿಂದ ಬಾವಿಗೆ ಕುಂಟುತ್ತ ಹೋಗಿ ಮೇಲಿನಿಂದ ಕೂಗುತ್ತಾನೆ. ಮರಿ ಸಿಕ್ಕ ಮೇಲೆ ದಾರಿ ತಪ್ಪುತ್ತದೆ. ಸುರಂಗವನ್ನು ಇಳಿಜಾರಾಗಿ ಕೊರೆದಿರುವುದರಿಂದ ನೀರು ಹೊರಬೀಳುವ ಬಾಯಿಯ ಕಡೆಗೇ ಹರಿಯುತ್ತದೆ. ಅದನ್ನು ಅವಳು ಪಾದದಿಂದಲೇ ತಿಳಿದುಕೊಂಡು, ಹರಿವಿನ ಜೊತೆ ನಡೆದು ಹೊರಬರುತ್ತಾಳೆ. ಕರೇಜ್ ಹೇಗೆ ಕೆಲಸ ಮಾಡುತ್ತದೆ ಎಂದು ಬೇರೆಯಾಗಿ ವಿವರಿಸುವ ಅಗತ್ಯವೇ ಉಳಿಯಲಿಲ್ಲ. ಬೋಧನೆಯ ಪುಟವನ್ನು ಗೆಳೆಯ ತಾನಾಗಿಯೇ ಕಿತ್ತುಹಾಕಿದ. ಮಕ್ಕಳ ಕಥೆಯಲ್ಲಿ ಮಾಹಿತಿ ಬರುವುದಾದರೆ ಹೀಗೆ ಬರಬೇಕು, ಪಾತ್ರಕ್ಕೆ ಅದು ಬೇಕಾದ ಗಳಿಗೆಯಲ್ಲಿ ಎಂದು ನಾನು ಗಟ್ಟಿಯಾಗಿ ನಂಬಿರುವುದು ಆ ಕಥೆಯಿಂದಲೇ.

ಎರಡನೆಯ ಸಲ ಓದಿದಾಗ ಯಾರೂ ಕಿಟಕಿ ನೋಡಲಿಲ್ಲ. ಒಬ್ಬಳು ಮಾತ್ರ ಕೈ ಎತ್ತಿ ಕೇಳಿದಳು: 'ಮರಿಯ ಹೆಸರೇನು?' ಹೆಸರಿರಲಿಲ್ಲ. ಮೇಡಂ ಆ ಪ್ರಶ್ನೆಯನ್ನು ಹಾಳೆಯ ಮೇಲೆ ತಾವೇ ಬರೆದುಕೊಟ್ಟರು.

ಆ ತರಗತಿಯ ಮಕ್ಕಳ ಮನೆಗಳಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು, ಲಂಬಾಣಿ ಎಲ್ಲವೂ ಇದ್ದವು. ಹಾಗಾಗಿ ಸುಲಭ ಪದಗಳನ್ನೇ ಹುಡುಕಬೇಕೆಂದು ನಾವು ತಿಳಿದಿದ್ದೆವು. ಮೇಡಂ ಒಪ್ಪಲಿಲ್ಲ. ಒರತೆ ಎಂಬ ಪದ ಇರಲಿ, ಆದರೆ ಅದರ ಹಿಂದೆಯೇ ಹುಡುಗಿಯ ಅಂಗೈಗೆ ಕಲ್ಲಿನಿಂದ ನೀರು ಜಿನುಗಲಿ ಎನ್ನುತ್ತಿದ್ದರು. ಅವರು ಕತ್ತರಿಸುತ್ತಿದ್ದುದು ವಾಕ್ಯಗಳನ್ನು: ಕ್ರಿಯಾಪದಕ್ಕಾಗಿ ನಾಲ್ಕು ಸಾಲು ಕಾಯಿಸುವ ವಾಕ್ಯ ಕಂಡರೆ ಸಾಕು, ಕೆಂಪು ಶಾಯಿ.

ಒಮ್ಮೆ ಮಹಮೂದ್ ಗವಾನನ ಮದರಸಾದ ಮುಂದೆ ಆ ಮಕ್ಕಳಲ್ಲೊಬ್ಬ ಕೇಳಿದ, ಇನ್ನೊಂದು ಮಿನಾರು ಎಲ್ಲಿ ಹೋಯಿತು ಎಂದು. 1472ರ ಕಟ್ಟಡ, ಔರಂಗಜೇಬನ ಕಾಲದಲ್ಲಿ ಮದ್ದು ಸಿಡಿದು ಹಾಳಾಯಿತು ಎಂದು ನಾವು ಉತ್ತರಿಸಲು ಹೊರಟಾಗ ಮೇಡಂ ತಡೆದು, 'ನೀನು ಏನೆಂದುಕೊಂಡೆ?' ಎಂದು ಅವನನ್ನೇ ಕೇಳಿದರು. ಅವನು ಹೇಳಿದ ಉತ್ತರ ಇಷ್ಟು ವರ್ಷ ನನ್ನ ಜೊತೆಗಿದೆ. ಈಗ ಕಲಬುರಗಿಯಲ್ಲಿ ಕುಳಿತು ಅದನ್ನೇ ಕಥೆಯಾಗಿ ಬರೆಯುತ್ತಿದ್ದೇನೆ. ಕರಡನ್ನು ಮೇಡಂಗೆ ಕಳಿಸಿದ್ದೆ. ನಿವೃತ್ತರಾಗಿ ಬಹಳ ಕಾಲವಾದರೂ ಓದಿ ಕರೆ ಮಾಡಿದರು. ಮೂರನೆಯ ಪುಟದಲ್ಲಿ ಹುಡುಗ ಗೋಡೆ ಏರಲು ಹೊರಟಾಗ ಅವನ ಅಮ್ಮ ಯಾಕೆ ಬಂದಳು ಎಂದು ಕೇಳಿದರು. ಆ ಪುಟವನ್ನು ಮತ್ತೆ ಬರೆಯುತ್ತಿದ್ದೇನೆ.