ಸ್ವಿಫ್ಟ್ ಪ್ರಾಜೆಕ್ಟ್: 35 ಎಂಎಂ ಇಳಿಸಿದ ಮೇಲೆ ಅಲೈನ್‌ಮೆಂಟ್

ಸ್ಪ್ರಿಂಗ್ ಹಾಕುವ ಕೆಲಸ ಮುಗಿದು ಮೂರು ವಾರ ಆಯ್ತು. ಅಪ್ಪ 2009ರಲ್ಲಿ ತಗೊಂಡಿದ್ದ ಸ್ವಿಫ್ಟ್ ಇದು. ಹೊಸ ಸ್ಪ್ರಿಂಗ್ ಹಾಕಿ ನಾಲ್ಕೂ ಕಡೆ 35 ಎಂಎಂ ಇಳಿಸಿದ್ದೇನೆ. ಕಂಪನಿ ಕೊಟ್ಟಿದ್ದು 170 ಎಂಎಂ ಗ್ರೌಂಡ್ ಕ್ಲಿಯರೆನ್ಸ್ (ನೆಲಕ್ಕೂ ಗಾಡಿಯ ತಳಕ್ಕೂ ನಡುವಿನ ಅಂತರ), ಈಗ ಉಳಿದಿದ್ದು 135ರ ಆಸುಪಾಸು. ಸ್ಪೀಡ್ ಬ್ರೇಕರ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ನಿಯಮ ಇದೆ. ನಮ್ಮ ಬೆಳಗಾವಿಯ ಬಡಾವಣೆಗಳಲ್ಲಿ ಅಷ್ಟು ಅಗಲದ್ದು ಸಿಗೋದು ಕಷ್ಟ, ಚೂಪಾದ ದಿಬ್ಬಗಳೇ ಜಾಸ್ತಿ. ಅದಕ್ಕೇ 35ಕ್ಕೆ ನಿಲ್ಲಿಸಿದೆ.

ಸ್ಪ್ರಿಂಗ್ ಹಾಕುವಾಗಲೇ ಮುಂದಿನ ಬಲಗಡೆಯ ಲೋವರ್ ಆರ್ಮ್, ಅಂದರೆ ಗಾಲಿಯನ್ನು ಕೆಳಗಿನಿಂದ ಗಾಡಿಗೆ ಸೇರಿಸುವ ತೋಳು ಕೂಡ ಬದಲಿಸಿದ್ದೆ. ಹಳೇದರ ಬುಷ್ (ತೋಳು ಗಾಡಿಗೆ ಸೇರುವಲ್ಲಿನ ರಬ್ಬರ್) ಹರಿದಿತ್ತು. ಇದು ನೆನಪಿರಲಿ, ಮುಂದೆ ಬರುತ್ತದೆ.

ಸ್ಪ್ರಿಂಗ್ ಹಾಕಿದ ಮೇಲೆ 80 ಕಿ.ಮೀ.

ಮೊದಲ ಸಲ ಸುವರ್ಣ ವಿಧಾನಸೌಧದ ಮುಂದಿನ ಹೈವೇಗೆ ಹೋದೆ. ರಸ್ತೆ ನೇರ ಇದೆ, ಬೆಳಿಗ್ಗೆ ಆರು ಗಂಟೆಗೆ ಟ್ರಾಫಿಕ್ ಕಡಿಮೆ. 60ರ ಸ್ಪೀಡಿನಲ್ಲಿ ಸ್ಟೇರಿಂಗ್ ಸ್ವಲ್ಪ ಸಡಿಲ ಬಿಟ್ಟರೆ ಗಾಡಿ ಬಲಕ್ಕೆ ಎಳೆಯುತ್ತಿತ್ತು. ನೀರು ಹರಿದು ಹೋಗಲಿ ಅಂತ ರಸ್ತೆಗೆ ಎಡಕ್ಕೆ ಇಳಿಜಾರು ಕೊಟ್ಟಿರುತ್ತಾರೆ. ಹಾಗಾಗಿ ಗಾಡಿ ಎಡಕ್ಕೆ ಒಂಚೂರು ಜಾರಿದರೆ ತಪ್ಪಲ್ಲ. ಇಳಿಜಾರಿಗೆ ಎದುರಾಗಿ ಬಲಕ್ಕೆ, ಡಿವೈಡರ್ ಕಡೆಗೆ ಎಳೆದರೆ ಸುಮ್ನೆ ಬಿಡುವಂಥದ್ದಲ್ಲ. ಅಲ್ಲಿಂದಲೇ ತಿರುಗಿಸಿಕೊಂಡು ಬಂದೆ.

95 ಕಿ.ಮೀ., ಮೊದಲ ಅಲೈನ್‌ಮೆಂಟ್

ಅದೇ ದಿನ ಅಲೈನ್‌ಮೆಂಟ್‌ಗೆ, ಅಂದರೆ ಗಾಲಿಗಳು ನಿಂತಿರುವ ಕೋನ ಅಳೆದು ಸರಿ ಮಾಡಿಸಲು ಒಂದು ಟೈರ್ ಅಂಗಡಿಗೆ ಹೋದೆ. ಮಷೀನ್ ತೋರಿಸಿದ್ದನ್ನು ಫೋಟೊ ತೆಗೆದುಕೊಂಡೆ.

ಮುಂದಿನ ಎಡ ಗಾಲಿಯ ಕ್ಯಾಂಬರ್ ಮೈನಸ್ 1 ಡಿಗ್ರಿ. ಬಲ ಗಾಲಿಯದು ಮೈನಸ್ 30 ಮಿನಿಟ್, ಅಂದರೆ ಅರ್ಧ ಡಿಗ್ರಿ. ಟೋ ಎರಡೂ ಗಾಲಿ ಸೇರಿ ಅರ್ಧ ಡಿಗ್ರಿ ಹೊರಗೆ.

ಹೊಸಬರಿಗಾಗಿ ಎರಡು ಮಾತು. ಗಾಡಿಯ ಎದುರು ನಿಂತು ನೋಡಿದಾಗ ಗಾಲಿಯ ಮೇಲ್ತುದಿ ಒಳಗೆ ವಾಲಿದ್ದರೆ ಮೈನಸ್ ಕ್ಯಾಂಬರ್. ಮೇಲಿನಿಂದ ನೋಡಿದಾಗ ಗಾಲಿಗಳ ಮುಂಭಾಗ ಒಂದಕ್ಕೊಂದು ದೂರ ಹೋಗಿದ್ದರೆ ಟೋ ಔಟ್. ಗಾಡಿ ಇಳಿಸಿದಾಗ ಎರಡೂ ಬದಲಾಗುತ್ತವೆ. ಲೋವರ್ ಆರ್ಮ್ ಒಂದು ಕಮಾನಿನಲ್ಲಿ ತಿರುಗುತ್ತದೆ, ಸ್ಟೇರಿಂಗ್‌ನ ಟೈ ರಾಡ್ (ಗಾಲಿಯನ್ನು ತಿರುಗಿಸುವ ಸರಳು) ಇನ್ನೊಂದು ಕಮಾನಿನಲ್ಲಿ. ಎರಡರ ಉದ್ದವೂ ಬೇರೆ, ಕೋನವೂ ಬೇರೆ. ಹೀಗಾಗಿ ಎತ್ತರ ಬದಲಾದರೆ ಸ್ಟೇರಿಂಗ್ ಮುಟ್ಟದಿದ್ದರೂ ಗಾಲಿ ತಿರುಗಿ ನಿಲ್ಲುತ್ತದೆ. ಅರ್ಧ ಡಿಗ್ರಿ ಅಂದರೆ 14 ಇಂಚಿನ ರಿಮ್‌ನ ಅಂಚಿನಲ್ಲಿ ಮೂರು ಮಿಲಿಮೀಟರ್ ಚಿಲ್ಲರೆ. ಕೇಳಲು ಚಿಕ್ಕದು. ಆದರೆ ಹಾಗೇ ಬಿಟ್ಟರೆ ಟೈರ್ ಪ್ರತಿ ಕಿಲೋಮೀಟರ್‌ಗೂ ಅಷ್ಟಷ್ಟು ಉಜ್ಜಿಕೊಂಡೇ ಓಡುತ್ತದೆ.

ಅಂಗಡಿಯವರು ಟೋ ಮಾತ್ರ ಸೊನ್ನೆಗೆ ತಂದರು. ಕ್ಯಾಂಬರ್ ಕೇಳಿದರೆ "ಇದರಾಗ ಅಡ್ಜಸ್ಟ್ ಇಲ್ರಿ" ಅಂದರು. ಈ ಗಾಡಿಗೆ ಅದು ನಿಜವೇ. ಆದರೆ ಸ್ಟೇರಿಂಗ್ ಸೊಟ್ಟ ಕಂಡಾಗ ಅದನ್ನು ಬಿಚ್ಚಿ ನೇರ ಕೂರಿಸಲು ಹೊರಟರು, ನಾನು ಬೇಡ ಅಂದೆ. ಸ್ಟೇರಿಂಗ್ ನೇರ ಮಾಡುವುದು ಟೈ ರಾಡ್‌ನಲ್ಲಿ. ಒಂದು ಕಡೆ ಎಷ್ಟು ಉದ್ದ ಮಾಡುತ್ತೀರೋ ಇನ್ನೊಂದು ಕಡೆ ಅಷ್ಟೇ ಗಿಡ್ಡ ಮಾಡಬೇಕು. ಇದನ್ನು ಪಟ್ಟು ಹಿಡಿದು ಹೇಳಿ, ಎದುರು ನಿಂತು ಮಾಡಿಸಿಕೊಳ್ಳಿ.

310 ಕಿ.ಮೀ.

ಎಳೆತ ಹೋಗಲಿಲ್ಲ. ಟೈರ್ ಅದಲು ಬದಲು ಮಾಡಿ ನೋಡಿದೆ, ಆಗಲೂ ಬಲಕ್ಕೇ. ಕ್ಯಾಂಬರ್ ಕಡೆಗೆ ಗಮನ ಹೋಯಿತು. ಎರಡು ಕಡೆ ಕ್ಯಾಂಬರ್ ಬೇರೆ ಬೇರೆ ಇದ್ದರೆ, ಕಡಿಮೆ ಒಳಗೆ ವಾಲಿದ ಗಾಲಿಯ ಕಡೆಗೆ ಗಾಡಿ ಎಳೆಯುತ್ತದೆ. ನನ್ನದರಲ್ಲಿ ಅದು ಬಲಗಡೆ. ಸರಿ, ಕ್ಯಾಂಬರ್ ಬೋಲ್ಟ್ ತರಿಸೋಣ ಅಂದುಕೊಂಡೆ. ಶಾಕ್ ಅಬ್ಸಾರ್ಬರ್‌ನ ಕೆಳಗೆ ಇರುವ ಎರಡು ಬೋಲ್ಟ್‌ಗಳಲ್ಲಿ ಒಂದನ್ನು ತೆಗೆದು, ನಡುವೆ ಉಬ್ಬು ಇರುವ ಬೋಲ್ಟ್ ಹಾಕುವುದು. ಅದನ್ನು ತಿರುಗಿಸಿದರೆ ಗಾಲಿ ಒಳಗೆ ಹೊರಗೆ ವಾಲುತ್ತದೆ.

ಆರ್ಡರ್ ಮಾಡುವ ಮೊದಲು ಉದ್ಯಮಬಾಗಿನಲ್ಲಿ ನನಗೆ ಪರಿಚಯದ ಕಾಕಾ ಒಬ್ಬರ ಗ್ಯಾರೇಜಿಗೆ ಹೋದೆ. ಅಲ್ಲಿ ಮಷೀನ್ ಇಲ್ಲ. ಒಂದು ಪಿಟ್ ಇದೆ, ಒಂದು ಟೇಪು ಇದೆ. ಕಾಕಾ ಮೊದಲು ನಾಲ್ಕೂ ಟೈರಿನ ಗಾಳಿ ನೋಡಿದರು. ಡಿಕ್ಕಿಯಲ್ಲಿದ್ದ ನನ್ನ ಟೂಲ್ ಪೆಟ್ಟಿಗೆ ಇಳಿಸಿದರು. ಆಮೇಲೆ ಗಾಲಿಯ ನಟ್ಟನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಟೇಪು ಹಿಡಿದರು. ಬಲಗಡೆ 7 ಎಂಎಂ ಎತ್ತರ. ಒಂದೇ ಜೋಡಿಯ ಸ್ಪ್ರಿಂಗ್, ಆದರೂ ಎತ್ತರ ಬೇರೆ!

ಪಿಟ್‌ಗೆ ಇಳಿದು ಲೋವರ್ ಆರ್ಮ್‌ನ ಬುಷ್ ಮೇಲೆ ಬ್ಯಾಟರಿ ಬಿಟ್ಟರು.

"ಈ ಬೋಲ್ಟ್ ಯಾವಾಗ ಟೈಟ್ ಮಾಡಿದಿ ತಮ್ಮಾ? ಗಾಲಿ ನೆಲದ ಮ್ಯಾಲ ಇತ್ತೋ, ಜೋತಾಡಾಕತ್ತಿತ್ತೋ?"

"ಜಾಕ್ ಮ್ಯಾಲೇ ಇತ್ರಿ ಕಾಕಾ."

"ಹಂಗಾದ್ರ ಬುಷ್ ಹಿಂಡಿಕೊಂಡ ಕುಂತೈತಿ. ಮಷೀನ್ ಮ್ಯಾಲ ಎಷ್ಟ ಸಲ ಹತ್ತಿಸಿದ್ರೂ ಅಷ್ಟ."

ಟಾರ್ಚ್ ಬೆಳಕಿನಲ್ಲಿ ನಾನೂ ನೋಡಿದೆ. ಹೊಸ ರಬ್ಬರ್ ಮೇಲೆ ಓರೆ ಓರೆಯಾಗಿ ಸುಕ್ಕು ಬಿದ್ದಿತ್ತು, ಒದ್ದೆ ಬಟ್ಟೆ ಹಿಂಡಿದ ಹಾಗೆ. ಈ ಬುಷ್ ಬೇರಿಂಗ್ ತರಹ ಸುತ್ತುವುದಿಲ್ಲ. ಬೋಲ್ಟ್ ಬಿಗಿದರೆ ಒಳಗಿನ ಕಬ್ಬಿಣದ ಬಳೆ ಅಲ್ಲೇ ಹಿಡಿದುಕೊಳ್ಳುತ್ತದೆ. ಆರ್ಮ್ ಮೇಲೆ ಕೆಳಗೆ ಆಡಿದಷ್ಟೂ ರಬ್ಬರ್ ತಿರುಚಿಕೊಳ್ಳುತ್ತದೆ. ಗಾಲಿ ಜೋತಾಡುವಾಗ ಬಿಗಿದರೆ ರಬ್ಬರ್‌ಗೆ ಅದೇ ಸಹಜ ಜಾಗ. ಗಾಡಿ ನೆಲಕ್ಕೆ ಇಳಿದ ಕ್ಷಣದಿಂದ ಅದು ಆರ್ಮನ್ನು ಕೆಳಗೆ ಒತ್ತುತ್ತಾ, ಗಾಡಿಯನ್ನು ಎತ್ತಿ ಹಿಡಿಯುತ್ತದೆ. ನನ್ನ 7 ಎಂಎಂ ಬಂದಿದ್ದು ಹೀಗೆ. ಬಲಗಡೆ ಪೂರ್ತಿ ಇಳಿಯಲೇ ಇಲ್ಲ, ಹಾಗಾಗಿ ಕ್ಯಾಂಬರ್ ಕೂಡ ಕಡಿಮೆ. ಹಾಗೇ ಓಡಿಸಿದ್ದರೆ ಹೊಸ ಬುಷ್ ಬೇಗ ಹರಿಯುತ್ತಿತ್ತು.

ಎಡಗಡೆ ನಾನು ಬೋಲ್ಟ್ ಮುಟ್ಟಿರಲಿಲ್ಲ. ಆದರೆ ಅದು ಹಳೆಯ ಎತ್ತರದಲ್ಲಿ ಬಿಗಿದದ್ದು. ಅದನ್ನೂ ಸಡಿಲ ಮಾಡಬೇಕು ಅಂತ ಕಾಕಾ ಹೇಳಿದರು.

ಗಾಡಿ ನಾಲ್ಕೂ ಗಾಲಿಯ ಮೇಲೆ ನಿಂತಿರುವಾಗಲೇ ಪಿಟ್‌ನಿಂದ ಬೋಲ್ಟ್‌ಗಳನ್ನು ಸಡಿಲಿಸಿದೆವು. ಬಲಗಡೆಯದು ಬಿಟ್ಟಾಗ "ಟಕ್" ಅಂತ ಸದ್ದಾಗಿ ಗಾಡಿ ಕಣ್ಣೆದುರೇ ಕುಸಿಯಿತು. ಬಾನೆಟ್ ಮೇಲೆ ನಾಲ್ಕೈದು ಸಲ ಒತ್ತಿ, ಹಿಂದೆ ಮುಂದೆ ತಳ್ಳಿ, ಅದೇ ಎತ್ತರದಲ್ಲಿ ಬಿಗಿದೆವು. ಟೇಪು ಹಿಡಿದರೆ ಎರಡೂ ಕಡೆಯ ವ್ಯತ್ಯಾಸ 1 ಎಂಎಂ.

520 ಕಿ.ಮೀ., ಎರಡನೇ ಅಲೈನ್‌ಮೆಂಟ್

ಹೊಸ ಸ್ಪ್ರಿಂಗ್ ಸ್ವಲ್ಪ ಓಡಿ ಕೂತುಕೊಳ್ಳಲಿ ಅಂತ ಇನ್ನೊಂದು 200 ಕಿಲೋಮೀಟರ್ ಓಡಿಸಿದೆ. ಖಾನಾಪುರ ರಸ್ತೆಯಲ್ಲಿ ಪೀರನವಾಡಿ, ಮಚ್ಛೆ ದಾಟಿ ಹೋಗಿ ಬರುವುದು ದಿನಾ ಇದ್ದೇ ಇತ್ತು. ಆಮೇಲೆ ಬೇರೆ ಅಂಗಡಿ. ಈ ಸಲ ಎಡ ಕ್ಯಾಂಬರ್ ಮೈನಸ್ 1 ಡಿಗ್ರಿ 5 ಮಿನಿಟ್, ಬಲ ಮೈನಸ್ 1 ಡಿಗ್ರಿ. ಕ್ಯಾಂಬರ್ ಬೋಲ್ಟ್ ಬೇಕಾಗಲೇ ಇಲ್ಲ. ಎತ್ತರ ಬದಲಾಗಿದ್ದರಿಂದ ಟೋ ಮತ್ತೆ ಹೊರಗೆ ಹೋಗಿತ್ತು, ಅದನ್ನು ಸೊನ್ನೆಗೆ ತಂದರು. ಕ್ಯಾಂಬರ್ ಅಲುಗಿದರೆ ಟೋ ಅಲುಗುತ್ತದೆ, ಅದಕ್ಕೇ ಟೋ ಯಾವಾಗಲೂ ಕೊನೆಗೆ. ಹಿಂದಿನ ಆಕ್ಸೆಲ್ ಒಂದೇ ತುಂಡಿನದು, ತಿರುಗಿಸಲು ಏನೂ ಇಲ್ಲ. ಆದರೂ ಅಳತೆ ನೋಡಿಸಿದೆ, ಸರಿ ಇದೆ.

ವಿಧಾನಸೌಧದ ಮುಂದೆ ಅದೇ ರಸ್ತೆ, ಅದೇ 60. ಗಾಡಿ ನೇರ ಹೋಗಿ, ನಿಧಾನಕ್ಕೆ ಎಡದ ಇಳಿಜಾರಿಗೆ ವಾಲಿತು. ಎಷ್ಟು ಸಮಾಧಾನ ಆಯ್ತು ಅಂತ ಹೇಳಲಾರೆ.

ಇನ್ನೂ ಇಳಿಸಬಹುದಲ್ವಾ ಅಂತ ಗೆಳೆಯರು ಕೇಳುತ್ತಿದ್ದಾರೆ. ನಾನು ಇಳಿಸುವುದಿಲ್ಲ. ನೀವು ಶುರು ಮಾಡುವುದಿದ್ದರೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಗಾಡಿಯ ಬದಲಾವಣೆಗೆ ಮಿತಿ ಹಾಕುತ್ತದೆ. ಮೊದಲು ಆರ್‌ಟಿಒದಲ್ಲಿ, ವಿಮೆಯವರಲ್ಲಿ ಕೇಳಿಕೊಳ್ಳಿ.

ಮುಂದಿನ ಎರಡೂ ಟೈರಿನ ಒಳ ಅಂಚು, ನಡು, ಹೊರ ಅಂಚಿನ ಟ್ರೆಡ್ ಆಳ ಅಳೆದು ಡೈರಿಯಲ್ಲಿ ಬರೆದಿಟ್ಟಿದ್ದೇನೆ. 2,000 ಕಿಲೋಮೀಟರ್ ಆದ ಮೇಲೆ ಮತ್ತೆ ಅಳೆದು ಇಲ್ಲೇ ಹಾಕುತ್ತೇನೆ.