ಊಟಿಯ ಚಳಿಯಲ್ಲಿ ನಮ್ಮ ದುರ್ಗದ ಬನ್ನಿ: ಮಾರ್ಚ್ ತಿಂಗಳ ಟಿಪ್ಪಣಿ

ಬೆಳಿಗ್ಗೆ ಊಟಿಯಿಂದ ಅಕ್ಕನ ಫೋನ್ ಬಂತು. "ಬನ್ನಿ ಚಿಗುರಿದೆ ಕಣೋ!" ಕಳಿಸಿದ್ದ ಮೂರು ಗಿಡಗಳಲ್ಲಿ ಒಂದು ಉಳಿಯಿತು. ನನಗೆ ಅಷ್ಟೇ ಸಾಕು.

ವಿಜಯದಶಮಿ ಸಂಜೆ ಚಿತ್ರದುರ್ಗದಲ್ಲಿ ನಾವೆಲ್ಲ ಎಲೆ ಕೊಟ್ಟು "ಬನ್ನಿ ತಗೊಂಡು ಬಂಗಾರದಂಗಿರೋಣ" ಅನ್ನುತ್ತೇವೆ. ಅಕ್ಕನಿಗೆ ಮಾತ್ರ ಅಂಚೆಯಲ್ಲಿ ಒಣಗಿದ ಎಲೆ. ಅದಕ್ಕೇ ಈ ಪ್ರಯತ್ನ. ರಾಜಸ್ಥಾನದವರು ಖೇಜ್ರಿ ಅನ್ನುವುದು ಇದೇ ಮರಕ್ಕೆ. ಮರುಭೂಮಿ ಅಂದರೆ ಬರೀ ಬಿಸಿಲು ಅಂದುಕೊಳ್ಳುತ್ತೇವೆ, ಅಲ್ವಾ? ಅಲ್ಲಿನ ಚೂರು ಜಿಲ್ಲೆಯಲ್ಲಿ ಜನವರಿ ರಾತ್ರಿ ಕೆಲವೊಮ್ಮೆ ಸೊನ್ನೆಗಿಂತ ಕೆಳಗೆ ಇಳಿಯುತ್ತದೆ. ಅದನ್ನು ತಡೆಯುವ ಮರ ಊಟಿಯನ್ನೂ ತಡೆದೀತು ಅನ್ನಿಸಿತು.

ಬಳ್ಳಾರಿ ಜಾಲಿಯ ಕಾಯಿ ಒಂದೂ ಸೇರದಂತೆ ನೋಡಿಕೊಂಡು ಬೀಜ ಆರಿಸಿದೆ. ಅದೂ ಬನ್ನಿಯ ನೆಂಟನೇ, ಆದರೆ ಹೋದಲ್ಲೆಲ್ಲ ಹಬ್ಬುತ್ತದೆ.

ಜುಲೈನಲ್ಲಿ ಸುಮ್ನೆ ಮಣ್ಣಿಗೆ ಹಾಕಿದ ಬೀಜ ಹಾಗೇ ಕೂತಿದ್ದವು. ಸಿಪ್ಪೆ ಅಷ್ಟು ಗಟ್ಟಿ. ಎರಡನೇ ಸಲ ನೇಲ್ ಕಟರ್‌ನಲ್ಲಿ ಅಂಚು ಚೂರೇ ಚೂರು ಕತ್ತರಿಸಿ ರಾತ್ರಿಯಿಡೀ ನೆನೆಸಿದೆ. ವಾರದೊಳಗೆ ಮೊಳಕೆ ಬಂತು. ಕುಂಡ ಬಿಟ್ಟು ಒಂದೂವರೆ ಅಡಿ ಪಿವಿಸಿ ಪೈಪಿನಲ್ಲಿ ಬೆಳೆಸಿದೆ. ಬನ್ನಿ ಮೊದಲು ಕೆಳಗೆ ಬೆಳೆಯುತ್ತದೆ, ಆಮೇಲೆ ಮೇಲೆ. ಗಿಡ ಗೇಣುದ್ದ ಇರುವಾಗಲೇ ಬೇರು ಪೈಪಿನ ತಳ ಮುಟ್ಟಿತ್ತು.

ಸೆಪ್ಟೆಂಬರ್‌ನಲ್ಲಿ ಅಕ್ಕ ಬಂದು ಮೂರನ್ನೂ ತೆಗೆದುಕೊಂಡು ಹೋದಳು. ಎರಡನ್ನು ಅಂಗಳದಲ್ಲಿ ಇಟ್ಟಳು, ಒಂದಕ್ಕೆ ಜಾಗ ಸಾಲದೆ ಸೂರಿನ ಕೆಳಗೆ. ನವೆಂಬರ್ ಮಳೆಗೆ ಅಂಗಳದವು ಬುಡದಲ್ಲಿ ಕಪ್ಪಾಗಿ ಕೊಳೆತವು. ಮಣ್ಣು ಜಾಸ್ತಿ ಹಾಕಿದ್ದು ನಾನೇ, ನೀರು ಬಸಿಯಲಿಲ್ಲ. ಗಮನಿಸಿ, ಆಗಿನ್ನೂ ಇಬ್ಬನಿ ಹೆಪ್ಪುಗಟ್ಟುವ ಚಳಿ ಬಂದೇ ಇರಲಿಲ್ಲ. ಅವನ್ನು ಕೊಂದದ್ದು ತಂಪಿನಲ್ಲಿ ಒದ್ದೆಯಾಗಿ ನಿಂತ ಬೇರು.

ಉಳಿದದ್ದಕ್ಕೆ ಡಿಸೆಂಬರ್‌ನಿಂದ ನೀರು ಹೆಚ್ಚುಕಡಿಮೆ ನಿಲ್ಲಿಸಿದೆವು. ಸಂಜೆ ಬಿಸಿಲು ಬೀಳುವ ಕಲ್ಲಿನ ಗೋಡೆಗೆ ಒರಗಿಸಿ, ರಾತ್ರಿ ಗೋಣಿಚೀಲ ಹೊದಿಸುತ್ತಿದ್ದಳು. ಹಗಲಿನ ಕಾವನ್ನು ಗೋಡೆ ರಾತ್ರಿ ಬಿಟ್ಟುಕೊಡುತ್ತದೆ. ಆದರೂ ಜನವರಿಯಲ್ಲಿ ಎಲೆಯೆಲ್ಲ ಉದುರಿತು. "ಹೋಯ್ತೋ" ಅಂತ ಅಕ್ಕ ಅತ್ತಳು. ಕಾಂಡವನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡು ಅಂದೆ. ಒಳಗೆ ಹಸಿರಿತ್ತು.

ಮುಂದಿನ ಸಲ ಮೂರು ಪಾಲು ಗರಸು ಮತ್ತು ಮರಳು, ಒಂದೇ ಪಾಲು ಮಣ್ಣು. ಇನ್ನೊಂದು ಚಳಿಗಾಲ ಪೈಪಿನಲ್ಲೇ ಇರಲಿ, ಆಮೇಲೆ ಇಳಿಜಾರಿನಲ್ಲಿ ನೆಲಕ್ಕೆ.

ಈ ದಸರೆಗೆ ಅದರ ಎಲೆ ಕೀಳಬೇಡ ಅಂದಿದ್ದೇನೆ. ಇನ್ನೊಂದು ವರ್ಷ ಅಂಚೆಯಲ್ಲೇ ಕಳಿಸುತ್ತೇನೆ.